ಕೆಲಸದ ಸಂಸ್ಥೆಯಿಂದ ನಿಮ್ಮ ಮಾಹಿತಿ ಸೋರಿದಾಗ: ಮೊದಲ ದಿನದ ಬಂದೋಬಸ್ತಿನಿಂದ ಪರಿಹಾರದ ಅರ್ಜಿಯವರೆಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಒಂದೇ: “ನಾನು ದುಡಿಯುವ ಸಂಸ್ಥೆಯ ಕಂಪ್ಯೂಟರಿನಿಂದ ನೌಕರರ ವಿವರಗಳು ಹೊರಗೆ ಹೋಗಿವೆಯಂತೆ. ನನ್ನ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಪ್ರತಿ ಎಲ್ಲವೂ ಅದರಲ್ಲಿವೆ. ಈಗ ಏನು ಮಾಡಲಿ? ಸಂಸ್ಥೆಯನ್ನು ಕೇಳುವ ಹಕ್ಕು ನನಗಿದೆಯೇ?” ಕೇಳುವವರಲ್ಲಿ ಖಾಸಗಿ ಕಾಲೇಜಿನ ಉಪನ್ಯಾಸಕರಿದ್ದಾರೆ, ಆಸ್ಪತ್ರೆಯ ನರ್ಸುಗಳಿದ್ದಾರೆ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಿದ್ದಾರೆ, ಹೊರಗುತ್ತಿಗೆ ಏಜೆನ್ಸಿಯ ಮೂಲಕ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ಡೇಟಾ ಎಂಟ್ರಿ ಆಪರೇಟರುಗಳೂ ಇದ್ದಾರೆ.

ಹಕ್ಕು ಇದೆ. ಆದರೆ ಅದನ್ನು ಚಲಾಯಿಸುವ ಮೊದಲು ನಿಮ್ಮ ಹಣ ಮತ್ತು ಹೆಸರನ್ನು ಭದ್ರಪಡಿಸಿಕೊಳ್ಳಬೇಕು. ಹೆಚ್ಚಿನವರು ಮೊದಲು ಮ್ಯಾನೇಜರರ ಜೊತೆ ವಾದಕ್ಕೆ ಇಳಿಯುತ್ತಾರೆ, ಹಣ ಹೋದ ಮೇಲೆ ಬ್ಯಾಂಕಿಗೆ ಓಡುತ್ತಾರೆ, ಎಲ್ಲ ಮುಗಿದ ಮೇಲೆ ಕಾಗದಪತ್ರ ಹುಡುಕುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಇನ್ನೊಂದು ಮಾತನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಇಂಥ ಪ್ರಕರಣಗಳಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಬಹುಪಾಲು ದಿನಾಂಕವಿರುವ ಕಾಗದಗಳ ಮೇಲೆ. ಯಾವಾಗ ಗೊತ್ತಾಯಿತು, ಯಾರಿಗೆ ತಿಳಿಸಿದಿರಿ, ಅವರು ಏನು ಉತ್ತರ ಕೊಟ್ಟರು ಎಂಬುದು ಬರಹದಲ್ಲಿ ಇಲ್ಲದಿದ್ದರೆ ನಿಮ್ಮ ನಷ್ಟ ನಿಜವೇ ಆಗಿದ್ದರೂ ಅದನ್ನು ಸೋರಿಕೆಗೆ ಜೋಡಿಸಿ ತೋರಿಸುವುದು ಬಹಳ ಕಷ್ಟವಾಗುತ್ತದೆ.

ಸೋರಿಕೆ ಎಂದರೆ ಹ್ಯಾಕರುಗಳು ನುಗ್ಗಿ ಕದ್ದದ್ದು ಮಾತ್ರವಲ್ಲ. ನೌಕರರ ಪಟ್ಟಿಯ ಎಕ್ಸೆಲ್ ಫೈಲನ್ನು ತಪ್ಪಾಗಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು, ಪಗಾರದ ಲೆಕ್ಕ ನೋಡುವ ಹೊರಗಿನ ಏಜೆನ್ಸಿಯವರು ಮಾಹಿತಿಯನ್ನು ಮಾರಿದ್ದು, ಕೆಲಸ ಬಿಟ್ಟು ಹೋದವರು ಪೆನ್‌ಡ್ರೈವಿನಲ್ಲಿ ಒಯ್ದದ್ದು, ಹಳೆಯ ಕಂಪ್ಯೂಟರನ್ನು ಅಳಿಸದೆ ಗುಜರಿಗೆ ಹಾಕಿದ್ದು, ಇವೆಲ್ಲವೂ ಸೋರಿಕೆಯೇ. ಅಂಗಡಿಯೊಂದರ ಗ್ರಾಹಕರ ಪಟ್ಟಿ ಹೋದರೆ ಹೆಚ್ಚೆಂದರೆ ಹೆಸರು ಮತ್ತು ಮೊಬೈಲ್ ಸಂಖ್ಯೆ ಹೋಗುತ್ತವೆ. ಸಂಸ್ಥೆಯ ಸೇವಾ ಕಡತದಲ್ಲಿ ಹಾಗಲ್ಲ. ಫೋಟೋ, ಸಹಿ, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಪಗಾರ ಚೀಟಿ, ನಾಮಿನಿಯ ವಿವರ ಒಂದೇ ಕಡೆ ಇರುತ್ತವೆ. ನಿಮ್ಮ ಹೆಸರಿನಲ್ಲಿ ಸಾಲದ ಅರ್ಜಿ ಹಾಕಲು ವಂಚಕನಿಗೆ ಬೇಕಾದ ದಾಖಲೆಗಳೂ ಹೆಚ್ಚುಕಡಿಮೆ ಇವೇ.

ಕೈಯಲ್ಲಿ ಇರಬೇಕಾದವು

ಆಧಾರ್‌ಗೆ ಜೋಡಿಸಿದ ಮೊಬೈಲ್, ಪ್ಯಾನ್, ಪಾಸ್‌ಬುಕ್, ಯುಎಎನ್ ಸಂಖ್ಯೆ (ಭವಿಷ್ಯನಿಧಿ ಖಾತೆಗೆ ಕೊಡುವ 12 ಅಂಕಿಗಳ ಸಂಖ್ಯೆ), ನೇಮಕಾತಿ ಪತ್ರ, ಇತ್ತೀಚಿನ ಪಗಾರ ಚೀಟಿಗಳು, ಒಂದು ದಪ್ಪ ನೋಟ್‌ಬುಕ್ ಮತ್ತು ಒಂದು ಫೈಲು. ಮುಂದಿನ ಹಂತಗಳಲ್ಲಿ ಪದೇ ಪದೇ ಒಟಿಪಿ ಬರುತ್ತದೆ. ಆದ್ದರಿಂದ ಈ ಕೆಲಸವನ್ನು ನಿಮ್ಮದೇ ಮೊಬೈಲಿನಲ್ಲಿ ಮಾಡಿ. ಝೆರಾಕ್ಸ್ ಅಂಗಡಿಯ ಅಥವಾ ಇಂಟರ್ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ಲಾಗಿನ್ ಆದರೆ ಒಂದು ಸೋರಿಕೆಯನ್ನು ಮುಚ್ಚಲು ಹೋಗಿ ಇನ್ನೊಂದನ್ನು ತೆರೆದಂತಾಗುತ್ತದೆ. ಓದಲು ಕಷ್ಟವಿರುವ ಹಿರಿಯ ಕಾರ್ಮಿಕರು ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಅಪರಿಚಿತರ ಕೈಗೆ ಮೊಬೈಲ್ ಕೊಡುವುದು ಬೇಡ.

ಹಂತ 1: ಏನು ಸೋರಿದೆ ಎಂದು ಬರೆದಿಡಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮಗೆ ವಿಷಯ ತಿಳಿದ ದಿನ, ಹೊತ್ತು ಮತ್ತು ತಿಳಿಸಿದವರ ಹೆಸರನ್ನು ಬರೆಯಿರಿ. ಸಂಸ್ಥೆಯಿಂದ ಇ-ಮೇಲ್ ಬಂದಿದ್ದರೆ ಅದನ್ನು ನಿಮ್ಮ ಸ್ವಂತ ಇ-ಮೇಲ್‌ನಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಕೆಲಸ ಬಿಟ್ಟ ದಿನ ಕಚೇರಿಯ ಮೇಲ್ ಮುಚ್ಚಿಹೋಗುತ್ತದೆ. ಆದರೆ ಸಹೋದ್ಯೋಗಿಗಳ ವಿವರಗಳಿರುವ ಫೈಲನ್ನು ಪುರಾವೆಯೆಂದು ನಿಮ್ಮ ಮೊಬೈಲಿಗೆ ಇಳಿಸಿಕೊಳ್ಳಬೇಡಿ, ಇತರರಿಗೆ ಕಳುಹಿಸಲೂ ಬೇಡಿ. ನಿಮ್ಮ ಸಾಲು ಮಾತ್ರ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದರೆ ಸಾಕು.

ನಂತರ ಸೇರುವಾಗ ಕೊಟ್ಟ ದಾಖಲೆಗಳನ್ನೆಲ್ಲ ನೆನಪಿಸಿಕೊಂಡು ಪಟ್ಟಿ ಮಾಡಿ. ಹಾಜರಾತಿ ಯಂತ್ರಕ್ಕೆ ಕೊಟ್ಟ ಬೆರಳಚ್ಚು, ವೈದ್ಯಕೀಯ ತಪಾಸಣೆಯ ವರದಿ, ವಿಮೆಗಾಗಿ ಕೊಟ್ಟ ಹೆಂಡತಿ ಮಕ್ಕಳ ಅಥವಾ ತಂದೆತಾಯಿಯ ಆಧಾರ್ ಪ್ರತಿ, ಇವನ್ನು ಹೆಚ್ಚಿನವರು ಮರೆಯುತ್ತಾರೆ. ನಾಮಿನಿಯ ವಿವರ ಹೋಗಿದ್ದರೆ ಮುಂದಿನ ಹಂತವನ್ನು ಅವರ ಹೆಸರಿನಲ್ಲಿಯೂ ಮಾಡಬೇಕಾಗುತ್ತದೆ. ಊರಿನಲ್ಲಿರುವ ವಯಸ್ಸಾದ ತಾಯಿಯ ಖಾತೆ ನಿಮ್ಮ ಖಾತೆಗಿಂತ ಸುಲಭದ ಗುರಿ ಎಂಬುದನ್ನು ಮರೆಯಬೇಡಿ.

ಹಂತ 2: ಅದೇ ದಿನ ಹಾಕಬೇಕಾದ ಬೀಗಗಳು

ಮೊದಲನೆಯದು ಆಧಾರ್ ಬಯೋಮೆಟ್ರಿಕ್ ಲಾಕ್. ನಮ್ಮ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ವ್ಯವಸ್ಥೆಗೆ ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಂದು ಹೆಸರು. ಇದಕ್ಕೆ ಒಟಿಪಿ ಬೇಕಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು. ಸೋರಿದ ಬೆರಳಚ್ಚಿನ ನಕಲನ್ನು ಬಳಸಿ ಹಣ ಎಳೆಯುವ ವಂಚನೆಗೆ ಇದೇ ದಾರಿ. ಆಧಾರ್ ಪ್ರಾಧಿಕಾರದ ಅಧಿಕೃತ ಆ್ಯಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಿಮ್ಮ ಬೆರಳಚ್ಚಿನಿಂದ ಯಾರೂ, ನೀವೂ ಸಹ, ದೃಢೀಕರಣ ಮಾಡಲಾಗುವುದಿಲ್ಲ. ಅನುಮಾನ ಬಂದರೆ ಪ್ರಾಧಿಕಾರದ ಸಹಾಯವಾಣಿ 1947ಕ್ಕೆ ಕರೆ ಮಾಡಬಹುದು.

ಇಲ್ಲಿ ಒಂದು ತೊಡಕಿದೆ, ಮೊದಲೇ ತಿಳಿದಿರಲಿ. ಲಾಕ್ ಮಾಡಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ರೇಷನ್ ತರುವ ದಿನ ಅದೇ ಆ್ಯಪ್‌ನಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಲಾಕ್ ತೆಗೆದು, ಕೆಲಸ ಮುಗಿಸಿಕೊಳ್ಳಬೇಕು. ಅಕ್ಕಿ ಸಿಗಲಿಲ್ಲವೆಂದು ಬೇಸರಗೊಂಡು ಲಾಕ್ ಅನ್ನು ಪೂರ್ತಿ ತೆಗೆದುಹಾಕಬೇಡಿ. ಅದೇ ಆ್ಯಪ್‌ನಲ್ಲಿ ದೃಢೀಕರಣದ ಇತಿಹಾಸ ಎಂಬ ಭಾಗವಿದೆ. ನಿಮ್ಮ ಆಧಾರ್ ಎಂದು, ಯಾವ ಸಂಸ್ಥೆಗಾಗಿ ಬಳಕೆಯಾಗಿದೆ ಎಂಬುದು ಅಲ್ಲಿ ಕಾಣುತ್ತದೆ. ನಿಮಗೆ ಗೊತ್ತಿಲ್ಲದ ನಮೂದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಫೈಲಿಗೆ ಸೇರಿಸಿ.

ಎರಡನೆಯದು ಬ್ಯಾಂಕು. ನಿಮ್ಮ ಶಾಖೆಗೆ, ಅದು ಗ್ರಾಮೀಣ ಬ್ಯಾಂಕಾಗಲಿ, ಜಿಲ್ಲಾ ಸಹಕಾರಿ ಬ್ಯಾಂಕಾಗಲಿ, ಒಂದು ಪುಟದ ಅರ್ಜಿ ಕೊಡಿ: ಸಂಸ್ಥೆಯ ಕಡೆಯಿಂದ ನನ್ನ ಖಾತೆಯ ವಿವರ ಸೋರಿದೆ, ಎಇಪಿಎಸ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸಿ, ನನಗೆ ತಿಳಿಯದ ಆಟೋ ಡೆಬಿಟ್ ಆದೇಶಗಳಿದ್ದರೆ ರದ್ದು ಮಾಡಿ, ಎಸ್‌ಎಂಎಸ್ ಸೂಚನೆ ಚಾಲ್ತಿಯಲ್ಲಿಡಿ ಎಂದು ಬರೆದರೆ ಸಾಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಹೊರಬನ್ನಿ. “ನೀವು ಹೋಗಿ, ನಾವು ಮಾಡುತ್ತೇವೆ” ಎಂಬ ಬಾಯಿಮಾತು ನಾಳೆ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ.

ಮೂರನೆಯದು ಮೊಬೈಲ್ ಸಿಮ್. ಒಟಿಪಿ ಬರುವುದು ಇದಕ್ಕೇ ಆದ್ದರಿಂದ ಉಳಿದೆಲ್ಲ ಬೀಗಗಳ ಕೀಲಿ ಇದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂದು ನೋಡಿ, ನಿಮ್ಮದಲ್ಲದ ಸಂಖ್ಯೆಯನ್ನು ಅಲ್ಲಿಯೇ ವರದಿ ಮಾಡಬಹುದು. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಳವರೆಗೆ ಅವಕಾಶವಿರುವುದರಿಂದ, ನಿಮ್ಮ ದಾಖಲೆ ಬಳಸಿ ಯಾರೋ ಪಡೆದ ಸಂಪರ್ಕ ನಿಮ್ಮ ಗಮನಕ್ಕೆ ಬಾರದೆ ವರ್ಷಗಟ್ಟಲೆ ಉಳಿಯಬಹುದು. ಇದ್ದಕ್ಕಿದ್ದಂತೆ ನಿಮ್ಮ ಮೊಬೈಲಿನ ಸಿಗ್ನಲ್ ಪೂರ್ತಿ ಹೋಗಿ ಮರಳದಿದ್ದರೆ ಟವರಿನ ತೊಂದರೆ ಎಂದು ಸುಮ್ಮನಿರದೆ ಬೇರೆ ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ. ನಿಮ್ಮ ಸಂಖ್ಯೆಗೆ ಬೇರೊಬ್ಬರು ನಕಲಿ ಸಿಮ್ ಪಡೆದಿರುವ ಲಕ್ಷಣ ಅದು.

ಭವಿಷ್ಯನಿಧಿಯ ಪಾಸ್‌ವರ್ಡ್ ಬದಲಿಸಿ, ಯುಎಎನ್ ಖಾತೆಯಲ್ಲಿ ನಮೂದಾಗಿರುವ ಮೊಬೈಲ್ ಮತ್ತು ಬ್ಯಾಂಕ್ ಖಾತೆ ನಿಮ್ಮದೇ ಎಂದು ನೋಡಿಕೊಳ್ಳಿ. ವ್ಯತ್ಯಾಸ ಕಂಡರೆ ಕಲಬುರಗಿಯಲ್ಲಿರುವ ಭವಿಷ್ಯನಿಧಿ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಆದಾಯ ತೆರಿಗೆ ಜಾಲತಾಣದಲ್ಲಿ ವಾರ್ಷಿಕ ಮಾಹಿತಿ ಹೇಳಿಕೆಯನ್ನು ತೆರೆದು ನಿಮಗೆ ಸಂಬಂಧವಿಲ್ಲದ ಆದಾಯ ದಾಖಲಾಗಿದೆಯೇ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಸಂಖ್ಯೆ ಹಾಕಿ ಹುಡುಕಿದರೆ ನಿಮ್ಮ ಹೆಸರಿನಲ್ಲಿ ಯಾವುದಾದರೂ ವ್ಯಾಪಾರ ನೋಂದಣಿಯಾಗಿದೆಯೇ ಎಂಬುದೂ ತಿಳಿಯುತ್ತದೆ. ದಿನಗೂಲಿ ಕಾರ್ಮಿಕರ ಪ್ಯಾನ್ ಬಳಸಿ ಕಾಗದದ ಮೇಲೆ ಮಾತ್ರ ಇರುವ ಕಂಪನಿ ತೆರೆಯುವ ವಂಚನೆ ನಮ್ಮ ದೇಶದಲ್ಲಿ ಹಲವು ಕಡೆ ನಡೆದಿದೆ.

ಎಚ್ಚರಿಕೆ: ಸೋರಿಕೆಯ ಸುದ್ದಿ ಹರಡಿದ ಮೇಲೆ ಕರೆಗಳು ಶುರುವಾಗುತ್ತವೆ. ಕರೆ ಮಾಡಿದವನಿಗೆ ನಿಮ್ಮ ನೌಕರ ಸಂಖ್ಯೆ ಗೊತ್ತಿರುತ್ತದೆ, ಕಳೆದ ತಿಂಗಳ ಪಗಾರ ಎಷ್ಟು ಎಂಬುದೂ ಗೊತ್ತಿರುತ್ತದೆ. “ಪಿಎಫ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಖಾತೆ ಸುರಕ್ಷಿತಗೊಳಿಸಲು ಒಟಿಪಿ ಹೇಳಿ” ಎನ್ನುತ್ತಾನೆ. ಇಷ್ಟೆಲ್ಲ ವಿವರ ಗೊತ್ತಿರುವವರು ನಿಜವಾದ ಅಧಿಕಾರಿಯೇ ಇರಬೇಕು ಎಂದು ನಂಬುವುದು ಸಹಜ, ಆದರೆ ಆ ವಿವರಗಳೇ ಸೋರಿಹೋದವು. ಯಾವ ಇಲಾಖೆಯೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. “ಡಿಜಿಟಲ್ ಅರೆಸ್ಟ್” ಎಂಬ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ಹಂತ 3: ಹಣ ಈಗಾಗಲೇ ಹೋಗಿದ್ದರೆ

ಬೇರೆಲ್ಲವನ್ನೂ ಬಿಟ್ಟು ಮೊದಲು 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವುದೇ ಇದರ ಉದ್ದೇಶವಾದ್ದರಿಂದ ಮೊದಲ ಒಂದೆರಡು ಗಂಟೆಗಳಿಗೆ ಬಹಳ ಬೆಲೆಯಿದೆ. ವಹಿವಾಟಿನ ಸಂಖ್ಯೆ, ಹೊತ್ತು ಮತ್ತು ಮೊತ್ತ ಕೈಯಲ್ಲಿರಲಿ. ಕರೆಯ ನಂತರ ಸಿಗುವ ದೂರಿನ ಸಂಖ್ಯೆಯನ್ನು ಬರೆದುಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರನ್ನು ಪೂರ್ಣಗೊಳಿಸಿ. 1930ಕ್ಕೆ ಕರೆ ಮಾಡಿದ್ದು ಬ್ಯಾಂಕಿಗೆ ದೂರು ಕೊಟ್ಟಂತೆ ಆಗುವುದಿಲ್ಲ. ಬ್ಯಾಂಕಿಗೆ ಪ್ರತ್ಯೇಕವಾಗಿ ತಿಳಿಸಲೇಬೇಕು.

ಬ್ಯಾಂಕಿಗೆ ತಿಳಿಸುವ ಅವಧಿಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಯಮ ಹಾಕಿಕೊಟ್ಟಿದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯ ಬೇರೆ ಕಡೆ ಎಂದಾದರೆ, ವಹಿವಾಟಿನ ಸೂಚನೆ ನಿಮಗೆ ಬಂದ ನಂತರ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಶೂನ್ಯ, ಅಂದರೆ ಪೂರ್ತಿ ಹಣ ಮರಳಬೇಕು. 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆದಾರರು ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಶಿಲ್ಕಿನ ಷರತ್ತಿಲ್ಲದ ಮೂಲ ಉಳಿತಾಯ ಖಾತೆದಾರರು 5,000 ರೂಪಾಯಿಯವರೆಗೆ ಹೊರಬೇಕು. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ ತೀರ್ಮಾನ. ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ತಾತ್ಕಾಲಿಕವಾಗಿ ಮೊತ್ತವನ್ನು ಖಾತೆಗೆ ಜಮೆ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ತಪ್ಪು ಗ್ರಾಹಕರದು ಎಂದು ರುಜುವಾತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ. ಆದರೆ ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ ಆಗುತ್ತದೆ. ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಿದ್ದರೂ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ತಿಳಿಸುವುದರಲ್ಲಿಯೇ ಲಾಭವಿದೆ.

ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಸಹಾಯಕ್ಕೆ 14448 ಸಂಖ್ಯೆಯಿದೆ.

ಹಂತ 4: ಸಂಸ್ಥೆಗೆ ಬರಹದಲ್ಲಿ ಕೇಳಿ

ಬಂದೋಬಸ್ತು ಮುಗಿದ ಮೇಲೆ, ಅದೇ ವಾರದಲ್ಲಿ, ಸಂಸ್ಥೆಗೆ ಪತ್ರ ಬರೆಯಿರಿ. ಇದರಲ್ಲಿ ಸಿಟ್ಟಿನ ಮಾತು ಬೇಡ, ಆರೋಪವೂ ಬೇಡ. ಪ್ರಶ್ನೆಗಳು ಮಾತ್ರ ಇರಲಿ. ಮಾದರಿ ಹೀಗಿದೆ:

“ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ ಇಂಥ ಹುದ್ದೆಯಲ್ಲಿದ್ದು, ನನ್ನ ನೌಕರ ಸಂಖ್ಯೆ ಇಂತಿದೆ. ನೌಕರರ ವೈಯಕ್ತಿಕ ಮಾಹಿತಿ ಸೋರಿಕೆಯಾಗಿರುವುದು ಇಂಥ ದಿನಾಂಕದಂದು ನನ್ನ ತಿಳಿವಳಿಕೆಗೆ ಬಂದಿದೆ. ದಯವಿಟ್ಟು ಕೆಳಗಿನವುಗಳಿಗೆ ಬರಹದಲ್ಲಿ ಉತ್ತರ ಕೊಡಬೇಕೆಂದು ಕೋರುತ್ತೇನೆ. ನನ್ನ ಯಾವ ಯಾವ ಮಾಹಿತಿ ಸೋರಿದೆ? ಸೋರಿಕೆ ಯಾವಾಗ ನಡೆಯಿತು, ಸಂಸ್ಥೆಗೆ ಯಾವಾಗ ತಿಳಿಯಿತು? ಮಾಹಿತಿ ಸಂಸ್ಥೆಯಲ್ಲಿತ್ತೋ, ಹೊರಗಿನ ಏಜೆನ್ಸಿಯ ಬಳಿ ಇತ್ತೋ? ಸರ್ಟ್-ಇನ್‌ಗೆ ಮತ್ತು ಪೊಲೀಸರಿಗೆ ವರದಿ ಮಾಡಲಾಗಿದೆಯೇ? ಮುಂದೆ ಸೋರದಂತೆ ಏನು ಕ್ರಮ ಕೈಗೊಂಡಿದ್ದೀರಿ? ಈ ವಿಷಯದ ಹೊಣೆ ಹೊತ್ತ ಅಧಿಕಾರಿ ಯಾರು? ತನಿಖೆ ಮುಗಿಯುವವರೆಗೆ ಸಂಬಂಧಿಸಿದ ಕಂಪ್ಯೂಟರ್ ದಾಖಲೆಗಳನ್ನು ಅಳಿಸದೆ ಕಾಪಾಡಬೇಕೆಂದೂ ವಿನಂತಿಸುತ್ತೇನೆ.”

ಸರ್ಟ್-ಇನ್ ಎಂದರೆ ದೇಶದ ಸೈಬರ್ ಭದ್ರತೆಯನ್ನು ನೋಡುವ ಕೇಂದ್ರ ಸರ್ಕಾರದ ಸಂಸ್ಥೆ. 2022ರ ಏಪ್ರಿಲ್ 28ರ ಅದರ ನಿರ್ದೇಶನದಂತೆ, ಮಾಹಿತಿ ಸೋರಿಕೆಯಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಪತ್ರದ ಕೊನೆಯ ಸಾಲಿಗೆ ಮಹತ್ವ ಬರುವುದು ಇದರಿಂದಲೇ. ಆರು ತಿಂಗಳು ಸುಮ್ಮನಿದ್ದು ನಂತರ ಕೇಳಿದರೆ ಆ ದಾಖಲೆಗಳು ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು.

ಹೊರಗುತ್ತಿಗೆಯಲ್ಲಿ ಇರುವವರು ಎರಡು ಪತ್ರ ಬರೆಯಬೇಕು: ಒಂದು ಪಗಾರ ಕೊಡುವ ಏಜೆನ್ಸಿಗೆ, ಇನ್ನೊಂದು ನೀವು ದುಡಿಯುವ ಮೂಲ ಸಂಸ್ಥೆಗೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಈ ಭಾಗದಲ್ಲಿ ತೀರ ಸಾಮಾನ್ಯ, ಇಬ್ಬರಿಗೂ ಒಂದೇ ದಿನ ಪತ್ರ ಹೋಗಿದ್ದರೆ ಆ ಆಟ ಹೆಚ್ಚು ದಿನ ನಡೆಯುವುದಿಲ್ಲ. ಪತ್ರವನ್ನು ಇ-ಮೇಲ್ ಮೂಲಕ ಕಳುಹಿಸಿ, ಜೊತೆಗೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿಯೂ ಕಳುಹಿಸಿ. ಹಲವು ನೌಕರರು ಒಟ್ಟಾಗಿ ಸಹಿ ಹಾಕಿದರೆ ಒಬ್ಬರನ್ನೇ ಗುರಿಮಾಡುವ ಅಪಾಯ ಕಡಿಮೆಯಾಗುತ್ತದೆ.

ಎಚ್ಚರಿಕೆ: “ನನಗೆ ಯಾವ ನಷ್ಟವೂ ಆಗಿಲ್ಲ, ಮುಂದೆ ಯಾವ ದೂರನ್ನೂ ಕೊಡುವುದಿಲ್ಲ” ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ ಹಾಕಬೇಡಿ. ನಕಲಿ ಸಾಲ ಬೆಳಕಿಗೆ ಬರುವುದು ತಿಂಗಳುಗಳ ನಂತರ. ಓದಿ ಹೇಳುತ್ತೇನೆಂದು ಪ್ರತಿ ಪಡೆದುಕೊಂಡು ವಕೀಲರಿಗೆ ತೋರಿಸಿ.

ಹಂತ 5: ಪೊಲೀಸ್ ದೂರು

ನಮ್ಮ ಮೂರೂ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆ ಮೀಸಲಾದ ಸೆನ್ ಠಾಣೆಗಳಿವೆ. ಹತ್ತಿರದ ಸಾಮಾನ್ಯ ಠಾಣೆಯಲ್ಲಿಯೂ ದೂರು ಕೊಡಬಹುದು. ತಮ್ಮ ಸರಹದ್ದಿನದಲ್ಲ ಎಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ಹಾಗೆ ದಾಖಲಿಸಿ ಸಂಬಂಧಿಸಿದ ಠಾಣೆಗೆ ಕಳುಹಿಸುವುದಕ್ಕೆ ಶೂನ್ಯ ಎಫ್‌ಐಆರ್ ಎನ್ನುತ್ತಾರೆ.

ದೂರಿನಲ್ಲಿ ಯಾರ ಮೇಲೆ ಯಾವ ಆರೋಪ ಎಂಬುದನ್ನು ಬೆರೆಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮು ಬೇರೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ, 66ಡಿ ಕಲಮು ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಅನ್ವಯಿಸುತ್ತದೆ. ಎರಡಕ್ಕೂ 3 ವರ್ಷಗಳವರೆಗೆ ಸೆರೆವಾಸವಿದೆ. ಕರಾರಿನ ಮೇಲೆ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ದುರುದ್ದೇಶದಿಂದ ಹೊರಗೆ ಕೊಟ್ಟವರಿಗೆ 72ಎ ಕಲಮು ಇದೆ. ಪಗಾರದ ಲೆಕ್ಕ ನೋಡುವ ಏಜೆನ್ಸಿಯವರು ಪಟ್ಟಿಯನ್ನು ಮಾರಿದ್ದರೆ ಇದು ಹೊಂದುತ್ತದೆ. ಸಂಸ್ಥೆ ಕೇವಲ ಅಜಾಗರೂಕವಾಗಿತ್ತು ಎಂದಾದರೆ ಅದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವಲ್ಲ, ಪರಿಹಾರದ ವಿಷಯ. ಈ ವ್ಯತ್ಯಾಸ ತಿಳಿಯದೆ ಮಾಲೀಕರನ್ನೇ ಬಂಧಿಸಿ ಎಂದು ಪಟ್ಟು ಹಿಡಿದರೆ ದೂರು ಅಲ್ಲಿಯೇ ನಿಂತುಹೋಗುತ್ತದೆ.

ದೂರು ಕನ್ನಡದಲ್ಲಿಯೇ ಇರಲಿ. ಎಫ್‌ಐಆರ್ ದಾಖಲಾದರೆ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ದಾಖಲಿಸದಿದ್ದರೆ ಕಾರಣ ಸಹಿತ ಹಿಂಬರಹ ಕೇಳಿ, ನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಕಲಬುರಗಿ ನಗರದಲ್ಲಾದರೆ ಪೊಲೀಸ್ ಆಯುಕ್ತರಿಗೆ, ಅಂಚೆಯ ಮೂಲಕ ದೂರು ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅದಕ್ಕೆ ಮೇಲಿನ ಅಧಿಕಾರಿಯೇ ತನಿಖೆ ಮಾಡಬೇಕು ಎಂಬುದು ನೆನಪಿರಲಿ. ಹಣ ಹೋಗದಿದ್ದರೂ ದೂರು ಕೊಟ್ಟಿಡುವುದು ಒಳ್ಳೆಯದು. ನಾಳೆ ನಿಮ್ಮ ಹೆಸರಿನ ಸಿಮ್‌ನಿಂದ ಯಾರಾದರೂ ಅಪರಾಧ ಮಾಡಿದರೆ, ನೀವು ಮೊದಲೇ ತಿಳಿಸಿದ್ದಿರಿ ಎಂಬುದಕ್ಕೆ ಅದೇ ಆಧಾರ.

ಹಂತ 6: ಪರಿಹಾರಕ್ಕೆ ಅರ್ಜಿ

ಓದುಗರು ಹೆಚ್ಚು ಗೊಂದಲಕ್ಕೆ ಬೀಳುವ ಹಂತ ಇದು. ಕೆಲವರು ಗ್ರಾಹಕರ ಆಯೋಗಕ್ಕೆ ಹೋಗುತ್ತಾರೆ. ಸಂಸ್ಥೆಗೆ ನೀವು ಗ್ರಾಹಕರಲ್ಲ, ನೌಕರರು. ಆದ್ದರಿಂದ ಸಂಸ್ಥೆಯ ವಿರುದ್ಧ ಆ ದಾರಿ ಇಲ್ಲ, ಬ್ಯಾಂಕಿನ ವಿರುದ್ಧ ಮಾತ್ರ ಇದೆ. ಕೆಲವರು ಸಿವಿಲ್ ದಾವೆ ಹೂಡುತ್ತಾರೆ. 5 ಕೋಟಿ ರೂಪಾಯಿವರೆಗಿನ ಇಂಥ ಪರಿಹಾರವನ್ನು ತೀರ್ಮಾನಿಸುವ ಅಧಿಕಾರ ನ್ಯಾಯನಿರ್ಣಯ ಅಧಿಕಾರಿಗೆ ಇದ್ದು, ಆ ವಿಷಯದಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ನ್ಯಾಯನಿರ್ಣಯ ಅಧಿಕಾರಿ ಎಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಕಲಮಿನಡಿ ನೇಮಕವಾದ, ರಾಜ್ಯ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ಕಚೇರಿ ಬೆಂಗಳೂರಿನಲ್ಲಿದೆ. ಈ ಭಾಗದವರಿಗೆ ದೂರ ನಿಜ, ಆದರೂ ಕಾನೂನು ತೋರಿಸಿರುವ ದಾರಿ ಅದೇ.

ಅರ್ಜಿಗೆ ಆಧಾರ ಅದೇ ಕಾಯ್ದೆಯ 43ಎ ಕಲಮು. ಅದರಂತೆ ನಾಲ್ಕು ಸಂಗತಿಗಳನ್ನು ತೋರಿಸಬೇಕು. ಮಾಹಿತಿ ಇಟ್ಟುಕೊಂಡದ್ದು ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ವಾಣಿಜ್ಯ, ವೃತ್ತಿಪರ ಚಟುವಟಿಕೆ ನಡೆಸುವ ಸಂಘಟನೆಯಾಗಿರಬೇಕು. ಸೋರಿದ್ದು 2011ರ ನಿಯಮಗಳು ಪಟ್ಟಿ ಮಾಡಿರುವ ಸೂಕ್ಷ್ಮ ಮಾಹಿತಿಯಾಗಿರಬೇಕು: ಪಾಸ್‌ವರ್ಡ್, ಬ್ಯಾಂಕ್ ಖಾತೆ ಮತ್ತು ಕಾರ್ಡಿನಂಥ ಹಣಕಾಸು ವಿವರ, ಆರೋಗ್ಯ ಮತ್ತು ವೈದ್ಯಕೀಯ ದಾಖಲೆ, ಬೆರಳಚ್ಚಿನಂಥ ಬಯೋಮೆಟ್ರಿಕ್ ಮುಂತಾದವು. ಬರೀ ಹೆಸರು, ವಿಳಾಸ, ಫೋನ್ ಸಂಖ್ಯೆ ಈ ಪಟ್ಟಿಯಲ್ಲಿಲ್ಲ. ಮೂರನೆಯದಾಗಿ, ಸಂಸ್ಥೆ ತಕ್ಕಮಟ್ಟಿನ ಭದ್ರತೆ ಇಡುವಲ್ಲಿ ಅಜಾಗರೂಕತೆ ತೋರಿರಬೇಕು. ನಾಲ್ಕನೆಯದಾಗಿ, ಅದರಿಂದ ನಿಮಗೆ ನಷ್ಟ ಅಥವಾ ಬೇರೊಬ್ಬರಿಗೆ ಅಕ್ರಮ ಲಾಭ ಆಗಿರಬೇಕು.

ಅರ್ಜಿ ಸೋಲುವುದು ಸಾಮಾನ್ಯವಾಗಿ ಈ ನಾಲ್ಕನೆಯದರಲ್ಲಿ. “ನಿಮ್ಮ ಆಧಾರ್ ಪ್ರತಿ ನೂರು ಕಡೆ ಕೊಟ್ಟಿದ್ದೀರಿ, ಅದು ನಮ್ಮಲ್ಲಿಂದಲೇ ಹೋಯಿತೆಂದು ಹೇಗೆ ಹೇಳುತ್ತೀರಿ?” ಎಂದು ಸಂಸ್ಥೆ ಕೇಳುತ್ತದೆ. ಇದಕ್ಕೆ ಉತ್ತರ ಕೆಲವೊಮ್ಮೆ ಆ ಪ್ರತಿಯಲ್ಲಿಯೇ ಇರುತ್ತದೆ. ನಿಮ್ಮ ಹೆಸರಿನಲ್ಲಿ ನಕಲಿ ಸಾಲ ಆಗಿದ್ದರೆ, ಸಾಲ ಕೊಟ್ಟ ಸಂಸ್ಥೆಯಿಂದ ಆ ಅರ್ಜಿಯ ಜೊತೆ ಬಂದ ದಾಖಲೆಗಳ ಪ್ರತಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಂತರ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಮೂಲೆಯಲ್ಲಿ ಪೆನ್ನಿನಿಂದ ಬರೆದ ನೌಕರ ಸಂಖ್ಯೆ, “ಮೂಲ ಪ್ರತಿಯೊಂದಿಗೆ ಪರಿಶೀಲಿಸಲಾಗಿದೆ” ಎಂಬ ಕಚೇರಿಯ ಮೊಹರಿನ ಅರ್ಧ, ಪಂಚಿಂಗ್ ಯಂತ್ರದ ಎರಡು ತೂತಿನ ಕಪ್ಪು ಗುರುತು, ಆ ಸಂಸ್ಥೆಗೆ ಸೇರುವಾಗ ಮಾತ್ರ ಕೊಟ್ಟಿದ್ದ ಹಳೆಯ ಫೋಟೋ, ಈಗ ಬದಲಾಗಿರುವ ಹಳೆಯ ವಿಳಾಸ, ಇವುಗಳಲ್ಲಿ ಒಂದು ಸಿಕ್ಕರೂ ಅದು ವಾದಕ್ಕಿಂತ ಬಲವಾದ ಸಾಕ್ಷಿ. ಅದೇ ಪಟ್ಟಿಯಲ್ಲಿದ್ದ ಇತರ ಸಹೋದ್ಯೋಗಿಗಳಿಗೂ ಅದೇ ತಿಂಗಳಲ್ಲಿ ಅಂಥದ್ದೇ ವಂಚನೆ ಆಗಿದ್ದರೆ ಅವರ ದೂರುಗಳ ಪ್ರತಿಯನ್ನೂ ಸೇರಿಸಿ.

ಅರ್ಜಿ ಶುಲ್ಕ ನೀವು ಕೇಳುವ ಪರಿಹಾರದ ಮೊತ್ತಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಮನಸ್ಸಿಗೆ ಬಂದಷ್ಟು ದೊಡ್ಡ ಮೊತ್ತ ನಮೂದಿಸುವುದು ಜಾಣತನವಲ್ಲ. ಹೋದ ಹಣ, ಓಡಾಟದ ಖರ್ಚು, ಕೆಲಸಕ್ಕೆ ಹೋಗಲಾಗದೆ ಕಳೆದ ದಿನಗಳ ಪಗಾರ, ಪ್ರತಿಯೊಂದಕ್ಕೂ ರಸೀದಿ ಅಥವಾ ದಾಖಲೆ ಜೋಡಿಸಿ. ಬ್ಯಾಂಕಿನ ಲೋಪವೂ ಇದ್ದರೆ ಅದನ್ನೂ ಪ್ರತಿವಾದಿಯನ್ನಾಗಿ ಮಾಡಬಹುದು. 2010ರಲ್ಲಿ ತಮಿಳುನಾಡಿನ ನ್ಯಾಯನಿರ್ಣಯ ಅಧಿಕಾರಿ, ನಕಲಿ ಇ-ಮೇಲ್‌ನಿಂದ ಹಣ ಕಳೆದುಕೊಂಡ ಗ್ರಾಹಕರೊಬ್ಬರಿಗೆ ಬ್ಯಾಂಕು ಪರಿಹಾರ ಕೊಡಬೇಕೆಂದು ಆದೇಶಿಸಿದ್ದರು. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ದೆಹಲಿಯ ಟಿಡಿಸ್ಯಾಟ್ ಎಂಬ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯುವ ಮೊದಲು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಈ ಹಕ್ಕು ತಮಗಿದೆ ಎಂಬುದು ಬಹಳಷ್ಟು ಕಾರ್ಮಿಕರಿಗೆ ಗೊತ್ತೇ ಇಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಸರ್ಕಾರಿ ಇಲಾಖೆಯಿಂದಲೇ ಮಾಹಿತಿ ಸೋರಿದ್ದರೆ 43ಎ ನೆರವಿಗೆ ಬರುವುದಿಲ್ಲ, ಏಕೆಂದರೆ ಇಲಾಖೆ ವಾಣಿಜ್ಯ ಸಂಸ್ಥೆಯಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅದರ ಬಲದ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು, ಮತ್ತು ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ನಮ್ಮ ಕಲಬುರಗಿ ಪೀಠವೇ ಇದೆ.

ಹಂತ 7: ಹೊಸ ಕಾಯ್ದೆಯ ಲೆಕ್ಕಾಚಾರ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಮುಖ್ಯ ಕಲಮುಗಳು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಿಂದ ಜಾರಿಗೆ ಬರುವಂತೆ ಅಧಿಸೂಚನೆಯಾಗಿದೆ. ಆಗ ಸೋರಿಕೆಯನ್ನು ಪ್ರತಿಯೊಬ್ಬ ನೌಕರರಿಗೂ ತಡಮಾಡದೆ ತಿಳಿಸುವುದು ಸಂಸ್ಥೆಯ ಕರ್ತವ್ಯವಾಗುತ್ತದೆ. ಮಾಹಿತಿಗೆ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದ ಸಂಸ್ಥೆಗೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೆ ಇರುತ್ತದೆ.

ಆದರೆ ಆ ದಂಡ ಸರ್ಕಾರದ ನಿಧಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಹೊಸ ಕಾಯ್ದೆಯಲ್ಲಿ ನೊಂದವರಿಗೆ ಪರಿಹಾರದ ಅವಕಾಶವಿಲ್ಲ, ಮೇಲಾಗಿ ಅದು ಪೂರ್ತಿ ಜಾರಿಯಾದ ದಿನ 43ಎ ಕಲಮು ರದ್ದಾಗುತ್ತದೆ. ದುಡಿಯುವವರ ದೃಷ್ಟಿಯಿಂದ ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ನಿಮ್ಮ ನಷ್ಟ ಈಗಾಗಲೇ ಆಗಿದ್ದರೆ ಪರಿಹಾರದ ಅರ್ಜಿಯನ್ನು ಮುಂದೂಡದೆ 43ಎ ಇರುವಾಗಲೇ ಸಲ್ಲಿಸಿ. ಹೊಸ ವ್ಯವಸ್ಥೆಯಲ್ಲಿ ಮಂಡಳಿಗೆ ಹೋಗುವ ಮೊದಲು ಸಂಸ್ಥೆಯ ದೂರು ಪರಿಹಾರ ವ್ಯವಸ್ಥೆಯನ್ನೇ ಕೇಳಬೇಕಾಗುತ್ತದೆ, ಸುಳ್ಳು ಅಥವಾ ಹುರುಳಿಲ್ಲದ ದೂರಿಗೆ 10,000 ರೂಪಾಯಿವರೆಗೆ ದಂಡವೂ ಇದೆ.

ಹಂತ 8: ಮುಂದಿನ ತಿಂಗಳುಗಳಲ್ಲಿ

ನಕಲಿ ಸಾಲವನ್ನು ಪತ್ತೆಹಚ್ಚುವ ಸಾಧನ ಕ್ರೆಡಿಟ್ ವರದಿ, ಅಂದರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ಸಾಲಗಳ ದಾಖಲೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಅಲ್ಲಿಯೇ ತಕರಾರು ಸಲ್ಲಿಸಿ, ಸಾಲ ಕೊಟ್ಟ ಸಂಸ್ಥೆಗೂ ಎಫ್‌ಐಆರ್ ಪ್ರತಿಯೊಂದಿಗೆ ಬರೆಯಿರಿ. 30 ದಿನಗಳಲ್ಲಿ ತಕರಾರು ಇತ್ಯರ್ಥವಾಗದಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು. ವಸೂಲಿಯವರ ಕಾಟಕ್ಕೆ ಹೆದರಿ, “ಸ್ವಲ್ಪ ಕಟ್ಟಿಬಿಟ್ಟರೆ ಮುಗಿಯುತ್ತದೆ” ಎಂದು ನಿಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲವನ್ನು ನೀವೇ ಒಪ್ಪಿಕೊಂಡಂತೆ ಅವರು ವಾದಿಸುತ್ತಾರೆ.

ಹೊಸ ಕೆಲಸಕ್ಕೆ ಸೇರುವಾಗ ಆಧಾರ್‌ನ ಮೊದಲ 8 ಅಂಕಿಗಳನ್ನು ಮರೆಮಾಡಿರುವ ಮಾಸ್ಕ್ಡ್ ಪ್ರತಿ ಸಾಕಾಗುತ್ತದೆಯೇ ಎಂದು ಮೊದಲು ಕೇಳಿ. ಪೂರ್ತಿ ಪ್ರತಿಯನ್ನೇ ಕೊಡಬೇಕಾದರೆ, ಝೆರಾಕ್ಸಿನ ಮೇಲೆ ಫೋಟೋ ಮತ್ತು ಅಕ್ಷರಗಳನ್ನು ಹಾಯ್ದು ಹೋಗುವಂತೆ, ಯಾವ ಸಂಸ್ಥೆಗೆ, ಯಾವ ಕೆಲಸಕ್ಕಾಗಿ, ಯಾವ ದಿನಾಂಕದಂದು ಕೊಟ್ಟಿದ್ದೀರಿ ಎಂದು ಬರೆದು ಸಹಿ ಹಾಕಿ, ಹಾಗೆ ಬರೆದ ಪ್ರತಿಯ ಒಂದು ಫೋಟೋವನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.